ಹದಿನಾರು ಎಳಿ

‘ತಲಿ ಕೊರೀತಿ ಏನವಾ?’ ಅಂದ ಮಳಸಿದ್ಧ ಕಾಕಾ,
ಕೂತಲ್ಲೇ, ಕುತ್ತಿಗೆಯಷ್ಟೇ ತಿರುವಿ.
ಇಲ್ಲ ಕಾಕಾ, ಸೂಜಿಮೊನೀನೂ ಒಳಗ ಹೋಗಂಗಿಲ್ಲ.
ಗ್ವಾಡಿಗೆ ಕಿವಿ ಹಚ್ಚಿ ಬಾಜೂ ಮನಿ ಮಾತು ಕೇಳತಾರಲ್ಲ,
ಹಂಗ.
‘ಅಂದ್ರ ಅರ್ಧಾ ತಿಳೀತದ. ಉಳದದ್ದು
ನೀವ ಹುಟ್ಟಿಸಿ ಹೇಳತೀರಿ.’

ನರೆಗೂದಲು ಬೈತಲೆ ಬೈತಲೆಯಾಗಿ ಸರಿಸಿ
ತಣ್ಣನೆಯ ಅಂಟು ಹಚ್ಚಿದೆ. ಮೂಸಿದ.
‘ಗಂಜಿ ಚಲೋ ಇಲ್ಲ. ನೂಲು ಬಿಗಿ ಆಗಂಗಿಲ್ಲ.’
ಟೋಪಿಯ ವಾಯರು ಎಣಿಸಿದ ಎದುರಿನ ಕನ್ನಡಿಯಲ್ಲಿ:
‘ಹದಿನಾರು ಎಳಿಯೊಳಗ ಏನ ನೇಯ್ತಿ?
ಕರವಸ್ತ್ರದ ಅಂಚೂ ಆಗಂಗಿಲ್ಲ.’

ಸೊಲ್ಲಾಪುರ. ಅಕ್ಕಲಕೋಟ ರಸ್ತೆ. ಆಸ್ಪತ್ರೆಯ ಹಿಂದಿನ ಕೋಣೆ.
ಕಿಟಕಿಯಾಚೆ ತಗಡಿನ ಶೆಡ್ಡುಗಳಲ್ಲಿ
ಹಗಲೂ ರಾತ್ರಿ ಖಟಪಟ ಖಟಪಟ, ಚಾದರ, ಟವೆಲು.
ಎರಡು ವರ್ಷದ ಹಿಂದೆ, ಗಂಟು ಹೇರುವಾಗ ಟೆಂಪೋದಿಂದ ಬಿದ್ದ;
ಅಂದಿನಿಂದ ಎರಡೂ ಕೈ ತೊಡೆಯ ಮೇಲೆ,
ಯಾರೋ ಇಟ್ಟು ಮರೆತ ಸಾಮಾನು.
ಮೇಜಿನ ಮೇಲೆ ಇನ್ನೊಂದು ಕೈ. ಪ್ಲಾಸ್ಟಿಕ್, ಮೂರೇ ಬೆರಳು,
ಕಾಲೇಜಿನ ಹುಡುಗರು ಮಾಡಿದ್ದು, ಹಳದಿ ಬಣ್ಣ.
ಅದರ ಮುಂದೊಂದು ಸ್ಟೀಲ್ ಲೋಟ.

ಪರದೆಯ ಮೇಲೆ ಸೂಚನೆ ಮರಾಠಿಯಲ್ಲಿ: ಉಜವಾ ಹಾತ್.
ನಾನು ಹೇಳಿದೆ: ಬಲಗೈ ಮುಚ್ಚೂದು ನೆನಸ್ರಿ.
ಮಶೀನಿಗೆ ಎರಡೂ ಭಾಷೆ ಬರುವುದಿಲ್ಲ.
ಕಣ್ಣು ಮಿಟುಕಿಸಬ್ಯಾಡ್ರಿ, ಗೆರಿ ಹಾರತದ.
ಅಡಿಕಿ ಉಗುಳ್ರಿ, ದವಡಿ ಅಲುಗಿದ್ರೂ ಹಾರತದ.
ಫ್ಯಾನು ಆರಿಸಿದೆ; ಅದರ ಗುಂಯ್ ಕೂಡ ನುಸುಳುತ್ತದೆ.
ಅಳುವಂತಿಲ್ಲ. ಇದನ್ನು ನಾನು ಹೇಳಲಿಲ್ಲ,
ಫಾರ್ಮಿನಲ್ಲಿ ಬರೆದಿತ್ತು.

ನಲವತ್ತು ಸಲ. ಲೋಟ ಇದ್ದಲ್ಲೇ ಇತ್ತು.
‘ಸುಮ್ಮಸುಮ್ಮನ ಕೈ ಯಾರ ಮುಚ್ಚತಾರ?’

ನಮ್ಮ ಮನೆಯಲ್ಲೂ ನಾಲ್ಕು ಮಗ್ಗ ಇದ್ದವು.
ಆ ಗದ್ದಲದಲ್ಲೇ ಗೊರಕೆ ಹೊಡೆಯುತ್ತಿದ್ದೆವು;
ಒಂದು ನಿಂತರೆ ಸಾಕು, ಮನೆಯೆಲ್ಲ ಎಚ್ಚರ.
ತಲೆಯೊಳಗೂ ಹಾಗೇ ಅಂತ ಓದಿದ್ದು ಆಮೇಲೆ:
ಕೈ ಸುಮ್ಮನಿದ್ದಷ್ಟು ಹೊತ್ತೂ ಅಲ್ಲಿ ಅದರ ಜಾಗ
ಗುಂಯ್‌ಗುಡುತ್ತಲೇ ಇರುತ್ತದೆ,
ಏನಾದರೂ ಮಾಡಬೇಕು ಅಂದುಕೊಂಡ ಕ್ಷಣ
ಸಪ್ಪಳ ಕುಗ್ಗುತ್ತದೆ.
ನಾವು ಹಿಡಿಯುವುದು ಆ ಕುಗ್ಗಿದ್ದನ್ನು.

ಬಗ್ಗಿ ಕಿವಿಯಲ್ಲಿ ಅಂದೆ: ಕಾಕಾ, ಎಳಿ ಕಡೀತು.

ಗೆರೆ ತಗ್ಗಿತು.
ಒಂದು, ಎರಡು, ಎರಡೂವರೆ ಸೆಕೆಂಡು.
ಹಳದಿ ಬೆರಳು ಮೂರೂ ಲೋಟವನ್ನು ಹಿಡಿದವು,
ಗಂಟು ಹಾಕುವವರ ಹಾಗಲ್ಲ,
ಪೊಲೀಸರು ರಟ್ಟೆ ಹಿಡಿದ ಹಾಗೆ.
ಬಾಗಿಲಲ್ಲಿ ನಿಂತ ಹುಡುಗರು ಶಿಳ್ಳೆ ಹಾಕಿದರು.
ಕಾಕಾ ಲೋಟದ ಕಡೆ ನೋಡಲೇ ಇಲ್ಲ.
‘ತಡಾ ಆತು. ಇಷ್ಟೊತ್ತಿಗೆ ನಾಕು ಬೆರಳು ಬಟ್ಟಿ ಕೆಡತಿತ್ತು,
ಸೇಠ ಪಗಾರದಾಗ ಮುರಕೋತಿದ್ದ.’

ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು.
ಆಚೆಯ ಮಗ್ಗಗಳೆಲ್ಲ ಒಮ್ಮೆಗೇ ನಿಂತವು.
ಲ್ಯಾಪ್‌ಟಾಪು ಬ್ಯಾಟರಿಯ ಮೇಲಿತ್ತು, ಹಳದಿ ಕೈಯೂ.
ನಾನೇನೂ ಹೇಳಿರಲಿಲ್ಲ.
ಲೋಟ ತೊಳೆಯಲು ಒಯ್ದಿದ್ದರು.
ಕೈ ಬರಿ ಗಾಳಿಯನ್ನು ಮುಚ್ಚಿತು, ತೆರೆಯಿತು,
ಮತ್ತೆ ಮುಚ್ಚಿತು.

ಏನು ನೆನಸಿದ್ರಿ ಕಾಕಾ?
‘ಏನಿಲ್ಲ,’ ಅಂದ. ಪರದೆಯ ಮೇಲಿನ ಎರಡು ಗೆರೆ,
ಕಣ್ಣಿನ ಹತ್ತಿರದವು, ಹಾರುತ್ತಲೇ ಇದ್ದವು.

ದಾಖಲೆಯಲ್ಲಿ ಎರಡೇ ಖಾನೆ:
ಬೇಕೆಂದು ಮಾಡಿದ್ದು, ತಪ್ಪು ಸಂಕೇತ.
ಪೆನ್ಸಿಲು ಹಿಡಿದು ಕೂತೆ.
ಅವನ ನೆತ್ತಿಯ ಅಂಟು ಒಣಗತೊಡಗಿತ್ತು.
ತೊಳೆಯಲು ಬಿಸಿನೀರು ಬೇಕು,
ಕರೆಂಟು ಬಂದ ಮೇಲೆ.